ಹುಳದ ಮನೆಯ ಕೆಳಗಿನ ತಟ್ಟೆಗಳು

ಆ ದಿನಗಳಲ್ಲಿ ಸಾತನೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳುವಿಗಿದ್ದ ಮರ್ಯಾದೆ ಮಕ್ಕಳಿಗಿರಲಿಲ್ಲ. ಹುಳದ ಮನೆಯತ್ತ ಒಗ್ಗರಣೆಯ ಘಾಟು ಸುಳಿಯಬಾರದು, ಮುಟ್ಟಾದವರು ಅದರ ಹೊಸಿಲು ದಾಟಬಾರದು. ನಾನು ದೊಡ್ಡವಳಾಗಿ ಆರು ತಿಂಗಳಾಗಿತ್ತಷ್ಟೆ. ತಿಂಗಳಿಗೆ ಮೂರು ದಿನ ಜಗಲಿಯ ಮೂಲೆ, ಹಳೇ ಚಾಪೆ, ಒಬ್ಬಳೇ ಆಡುವ ಅಳಿಗುಳಿ ಮಣೆ.

ಆ ಸಲದ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಸಾಲು ಸಾಲಾಗಿ ಒಂದರ ಮೇಲೊಂದು ಇಟ್ಟ ಬಿದಿರ ತಟ್ಟೆಗಳಲ್ಲಿ ಸರಸರ ಸೊಪ್ಪು ಮೇಯುತ್ತಿದ್ದವು. ಇನ್ನೊಂದು ವಾರಕ್ಕೆ ಗೂಡು. ಒಂದು ದಿನ ಮಧ್ಯಾಹ್ನದವರೆಗೆ ಬೆವರಿಳಿಯುವ ಸೆಕೆ. ಆಮೇಲೆ ಮೂಡಲಿಂದ ತಣ್ಣನೆ ಗಾಳಿ ನುಗ್ಗಿತು, ಮೋಡ ಕವಿದು ಜಡಿಮಳೆ ಹಿಡಿಯಿತು. ಸೈಕ್ಲೋನ್ ಅಂದರು. ಅಪ್ಪ ಹುಳದ ಮನೆಯ ಕಿಟಕಿ ಮುಚ್ಚಿ ಇದ್ದಿಲ ಒಲೆ ಹೊತ್ತಿಸಿದ.

ಅದೇ ವಾರ ಸ್ಕೂಲಿನಲ್ಲಿ ಮೇಡಂ ಚಳಿದೇಶಗಳ ಹವೆಯ ಪಾಠ ಮಾಡಿದ್ದರು. ತಣ್ಣನೆಯ ಗಾಳಿ ಭಾರ. ಬಂತೆಂದರೆ ಬೆಚ್ಚನೆಯ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ, ಮೇಲೇರಿದ್ದು ತಣಿದು ಮೋಡವಾಗುತ್ತದೆ, ಮಳೆ ಸುರಿಯುತ್ತದೆ. ಅಂಥದ್ದು ನಮ್ಮ ಕಡೆ ಬರುವುದಿಲ್ಲ ಎಂದೂ ಹೇಳಿದ್ದರು. ಬರದೇ ಏನು! ಹುಳದ ಮನೆಯ ಬಾಗಿಲ ಸಂದಿಯಲ್ಲಿ ಅದೇ ನುಗ್ಗುತ್ತಿತ್ತು. ಒಲೆಯ ಕಾವೆಲ್ಲ ಹೆಂಚಿಗೆ, ಚಳಿಯೆಲ್ಲ ಕೆಳಗಿನ ತಟ್ಟೆಗಳಿಗೆ.

"ಅಪ್ಪಾ, ಕೆಳಗಿನ ತಟ್ಟೆ ಮೇಲಕ್ಕೆ ಇಕ್ಕು! ಸಂದಿಗೆ ಗೋಣಿಚೀಲ ತುರುಕು!" ಎಂದು, ಮುಟ್ಟಾಗಿ ಕೂತಿದ್ದ ಜಗಲಿಯಿಂದಲೇ ಕೂಗಿದೆ.

"ಸುಮ್ಕಿರಮ್ಮಿ! ಹೊರಗೆ ಕೂತೋಳು ಹುಳದ ಮಾತೆತ್ತಬ್ಯಾಡ," ಅಜ್ಜಿ ಗದರಿದಳು.

"ಮೇಡಂ ಹೇಳ್ಕೊಟ್ಟವ್ರೆ ಕಣಜ್ಜಿ."

"ನಿಮ್ಮ ಮೇಡಮ್ಮು ಎಷ್ಟು ಬೆಳೆ ಹುಳ ಮೇಯ್ಸವ್ಳೆ?"

ಅಪ್ಪ ಒಮ್ಮೆ ನನ್ನ ಕಡೆ ನೋಡಿ ಒಲೆಗೆ ಇನ್ನೊಂದಿಷ್ಟು ಇದ್ದಿಲು ಹಾಕಿದ. ನಾನೇ ನುಗ್ಗಿ ಎತ್ತಿಡಬೇಕಿತ್ತು. ಹೊಸಿಲವರೆಗೆ ಹೋಗಿ ಹೆದರಿ ನಿಂತುಬಿಟ್ಟೆ. ಥೂ, ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಜಡಿ ಬಿಡುವ ಹೊತ್ತಿಗೆ ಕೆಳಗಿನ ಎರಡು ಸಾಲಿಗೆ ಸುಣ್ಣಕಟ್ಟು ರೋಗ ಬಿದ್ದು, ಹುಳುಗಳೆಲ್ಲ ಬೆಳ್ಳಗೆ ಸೆಟೆದುಕೊಂಡವು. ಮೇಲಿನವು ಗೂಡು ಕಟ್ಟಿದವು. "ಮುಟ್ಟಾದೋಳು ಹೊಸ್ಲು ತಾವ ಬಂದ್ಬುಟ್ಲು, ಬೆಳೆ ಕೆಟ್ಟೋಯ್ತು" ಎಂದು ಅಜ್ಜಿ ಕೇರಿಗೆಲ್ಲ ಹೇಳಿದಳು. ಸತ್ತ ಹುಳು ಗುಂಡಿಗೆ ಸುರಿಯುತ್ತಿದ್ದ ಅಪ್ಪ ಅಲ್ಲ ಎನ್ನಲಿಲ್ಲ.

ಆಮೇಲೆ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳೆದ್ದವು, ಮನೆಯವರೆಲ್ಲ ಶಿಫ್ಟಿಗೆ ಹೋದರು, ಹಿಪ್ಪುನೇರಳೆ ತೋಟ ಕಿತ್ತರು. ಹೋದ ವರ್ಷ ಅಪ್ಪನನ್ನು ಕೇಳಿಯೇಬಿಟ್ಟೆ: "ಅವತ್ತು ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣವ್ವ. ಜಡಿ ಹಿಡಿದ ಎರಡನೇ ದಿನವೇ ಕೆಳಗಿನ ತಟ್ಟೆ ಮುಟ್ಟಿ ನೋಡ್ದೆ, ತಣ್ಣಗೆ ಕೊರೀತಿತ್ತು. ಹೊರಗೆ ಕೂತ ಮಗಳ ಮಾತು ಕೇಳ್ದ ಅನ್ನಿಸ್ಕಬೇಕಲ್ಲ ಅಂತ ಸುಮ್ಕಾದೆ."

ಹುಳು ಹೋದವು, ತೋಟ ಹೋಯಿತು, ಅಜ್ಜಿಯೂ ಹೋದಳು. ಬೆಳೆ ಕೆಡಿಸಿದವಳು ಎಂಬ ಮಾತು ಮಾತ್ರ ಕೇರಿಯಲ್ಲಿ ಇನ್ನೂ ಇದೆ.