ಅಲುಗಿದ್ದನ್ನು ಕಂಡವಳು

“ಅತ್ತಿಗೆ, ನಗಬೇಡಿ. ಹದಿನೇಳು ವರ್ಷ ನೀರು ಪರೀಕ್ಷೆ ಮಾಡೋ ಲ್ಯಾಬಲ್ಲಿ ಗಾಜು ತೊಳೆದೋಳು ನಾನು. ಅಲ್ಲಿ ಕಲಿಸಿದ್ದು ಒಂದೇ: ತೊಳೆಯೋಕೆ ಮುಂಚೆ ಮೈಕ್ರೋಸ್ಕೋಪಲ್ಲಿ ಇಣುಕು, ಏನಾದ್ರೂ ಓಡಾಡ್ತಿದ್ರೆ ಕ್ರಿಮಿ, ಮೊದಲು ಬ್ಲೀಚ್ ಸುರಿ. ಈಗ ನನ್ನ ಹಾಕಿರೋ ಹೊಸ ಲ್ಯಾಬಲ್ಲಿ ಮೇಡಮ್ಮು ಕೈಯಾರೆ ಜೀವಕೋಶ ಮಾಡ್ತಾರಂತೆ. ಗುಳ್ಳೆ ಥರ ಕೊಬ್ಬಿನ ಪೊರೆಯ ಚೀಲ, ಒಳಗೆ ಎಳೆಗಳು, ಪುಟ್ಟ ಪುಟ್ಟ ಕೋಣೆಗಳು. ಬರಿಗಣ್ಣಿಗೆ ಕಾಣಲ್ಲ. ಬೆಳಿಗ್ಗೆ ಸಿಂಕ್ ಪಕ್ಕ ಒಂದು ಗಾಜಿನ ತಟ್ಟೆ ಇತ್ತು. ಫೋನ್ ಬಂತು ಅಂತ ಅವರೇ ಇಟ್ಟು ಹೋಗಿದ್ರಂತೆ. ನಾನು ತೊಳೆಯೋಕೆ ಅಂದ್ಕೊಂಡು ಮೈಕ್ರೋಸ್ಕೋಪಲ್ಲಿಟ್ಟು ಇಣುಕಿದೆ. ಒಂದು ಗುಳ್ಳೆ ಮೈ ಉದ್ದ ಮಾಡ್ತು, ಹಿಂದಿನ ಭಾಗ ಎಳ್ಕೊಳ್ತು, ಮುಂದೆ ಹೋಯ್ತು. ಅಯ್ಯೋ ಕೆಟ್ಟಿದೆ ಅಂತ ಬ್ಲೀಚ್ ಸುರಿದುಬಿಟ್ಟೆ. ಅಲುಗ್ತಿತ್ತು, ಅದಕ್ಕೇ ಸುರಿದೆ ಅಂತ ಮೇಡಮ್ಮಿಗೆ ಹೇಳಿದೆ. ಬೈತಾರೆ ಅಂತ ನಿಂತಿದ್ರೆ, ನನ್ನ ಒದ್ದೆ ಕೈ ಹಿಡ್ಕೊಂಡು ‘ಅಲುಗ್ತಾ? ನಿಜವಾಗ್ಲೂ?’ ಅಂತ ಅತ್ತೇಬಿಟ್ರು. ಎರಡು ವರ್ಷದಿಂದ ಅವರ ಕಣ್ಣೆದುರು ಒಂದೂ ಅಲುಗಿಲ್ಲವಂತೆ!”

ಇಷ್ಟು ಹೇಳಿ ನನ್ನ ನಾದಿನಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಅವಳು ತೊಳೆದ ಗಾಜಿನಲ್ಲಿ ಮುಖ ಕಾಣುತ್ತದೆಂದು ಲ್ಯಾಬಿನವರು ಅವಳನ್ನು ‘ಕನ್ನಡಿಯಮ್ಮ’ ಎನ್ನುತ್ತಾರೆ. ಮರುದಿನ ಲ್ಯಾಬಿನ ದೊಡ್ಡ ಸಾಹೇಬರು ಅವಳನ್ನೇ ವಿಚಾರಿಸುವವರಿದ್ದರು. ಅಲುಗಿದ್ದು ನಿಜವೆಂದು ಅವರಿಗೆ ಮನವರಿಕೆಯಾದರೆ ಮೇಡಮ್ಮಿನ ಕೆಲಸ ಮುಂದುವರಿಯುತ್ತದೆ; ಇಲ್ಲವಾದರೆ ತಿಂಗಳ ಕೊನೆಗೆ ಆ ಲ್ಯಾಬಿಗೆ ಬೀಗ.

“ಅದಕ್ಕೆ ಜೀವ ಇತ್ತೇನೇ?” ಎಂದೆ.

“ಇಲ್ಲ ಅಂತಾರೆ. ಜೀವ ಇಲ್ಲ, ಆದ್ರೆ ಜೀವ ಇರೋ ಹಾಗೆ ನಡೀಬೇಕಂತೆ.”

“ಹಾಗಾದ್ರೆ ನೀನೇನೂ ಕೊಂದಿಲ್ಲ ಬಿಡು.”

“ಕೊಂದಿಲ್ಲ ಅಂದ್ರೆ ಮೇಡಮ್ಮು ಯಾಕೆ ಅತ್ರು?”

ನಾನು ಅವಳಿಗೆ ಕಾಫಿ ಬಗ್ಗಿಸಿಕೊಟ್ಟೆ. ಅವಳೇ ಮತ್ತೆ ಶುರುಮಾಡಿದಳು. “ತಟ್ಟೆ ಇಡುವಾಗ ನೀರು ತುಳುಕಿರಬಹುದಾ ಅತ್ತಿಗೆ? ಗುಳ್ಳೆ ತೇಲಿರಬಹುದಾ?”

“ಬಂದಾಗ ನಡೀತು ಅಂದೆ, ಈಗ ತೇಲ್ತು ಅಂತೀಯ. ಇನ್ನೊಂದು ಗಳಿಗೆ ಬಿಟ್ರೆ ಕುಣೀತು ಅಂತೀಯ!”

ಅವಳು ನಗಲಿಲ್ಲ. “ಮೇಡಮ್ಮು ಒಳ್ಳೆಯವರು. ನಡೀತು ಅಂತ ಗಟ್ಟಿಯಾಗಿ ಹೇಳಿಬಿಡ್ಲಾ?”

“ಕಂಡಿದ್ದು ಹೇಳು.”

“ಏನು ಕಂಡೆ ಅನ್ನೋದೇ ಈಗ ಗೊತ್ತಾಗ್ತಿಲ್ವಲ್ಲ!”

ಮರುದಿನ ಸಂಜೆ ಚಪ್ಪಲಿ ಬಿಡುತ್ತಲೇ ವರದಿ ಒಪ್ಪಿಸಿದಳು. “ಮೈ ಉದ್ದ ಮಾಡಿದ್ದು ನೋಡಿದೆ, ಹಿಂದಿನದು ಎಳ್ಕೊಂಡಿದ್ದು ನೋಡಿದೆ. ತಾನಾಗೇ ಹೋಯ್ತೋ, ನೀರು ಒಯ್ತೋ ಗೊತ್ತಿಲ್ಲ ಸಾರ್ ಅಂದೆ. ಹಿಂದಿನದು ಎಳ್ಕೊಳ್ತಾ ಅಂತ ಎರಡು ಸಲ ಕೇಳಿ ಬರ್ಕೊಂಡ್ರು. ಬರೀ ತೇಲೋದು ಹಾಗೆ ಎಳ್ಕೊಳ್ಳೋದು ಕಮ್ಮಿಯಂತೆ. ಇನ್ನೊಂದು ತಿಂಗಳು ನೋಡೋಣ ಅಂದ್ರು.”

“ಮೇಡಂ?”

“ನನ್ನನ್ನೇ ನೋಡ್ತಿದ್ರು. ಖುಷಿನೋ ಬೇಜಾರೋ ತಿಳೀಲಿಲ್ಲ. ನಾನಂದಿದ್ದು ಸರಿನಾ ಅತ್ತಿಗೆ?”

“ಬಾ, ಒಂದು ಕೈ ಹಿಡಿ” ಎಂದೆ. ಹೊದಿಕೆ ಒಗೆದಿಟ್ಟಿದ್ದೆ, ಒಬ್ಬಳೇ ಹಿಂಡಲು ನನ್ನ ಮಣಿಕಟ್ಟಿಗೆ ಆಗದು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ಹಿಡಿದೆ; ನೀರು ತೊಟ್ಟಿಕ್ಕುವುದು ನಿಲ್ಲುವವರೆಗೂ ತಿರುಚಿದೆವು.