ಓರೆಯಾಗಿ ಬಂದರೆ ಏನಾಗುತ್ತದೆ

ಮುತ್ತು, ಅವತ್ತು ನಾನು ನಿನಗೆ ಹೇಳಿಕೊಟ್ಟದ್ದು ತಪ್ಪು. ಹೇಳುವಾಗಲೇ ಅದು ತಪ್ಪೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ — ನಿನ್ನ ಮುಂದಂತೂ ಇಲ್ಲವೇ ಇಲ್ಲ.

ನೀನು ತೇವಾರಂನ ನನ್ನ ಚಿಕ್ಕಮ್ಮನ ಮಗಳು. ನಾನು ಪಕ್ಕದ ಕೊಂಬೈಯವಳು, ನಿನಗಿಂತ ಕೆಲವೇ ತಿಂಗಳು ದೊಡ್ಡವಳು. ಅಷ್ಟಕ್ಕೇ ನೀನು ಬಾಯ್ತುಂಬ ಅಕ್ಕಾ ಎಂದೆ, ನಾನೂ ನಿನ್ನನ್ನು ಪುಳ್ಳೆ, ಹುಡುಗಿ, ಎಂದು ಕರೆದು ಆ ಹಿರಿತನವನ್ನು ಚೆನ್ನಾಗಿಯೇ ಚಲಾಯಿಸಿದೆ. ದಿಂಡಿಗಲ್‌ನ ಕಾಲೇಜಿಗೆ ಗಣಿತ ಓದಲು ನಮ್ಮಿಬ್ಬರನ್ನೂ ಒಟ್ಟಿಗೇ ಕಳಿಸಿದರು. ಹಾಸ್ಟೆಲಿನಲ್ಲೂ ಒಂದೇ ಕೋಣೆ.

ಪುಸ್ತಕ ಇಂಗ್ಲಿಷು, ಮೇಡಂ ಪಾಠ ಮಾಡುತ್ತಿದ್ದದ್ದು ತಮಿಳಿನಲ್ಲಿ. ನಾವು ಅವೆರಡನ್ನೂ ಕೋಣೆಗೆ ತಂದು ಮನೆಮಾತಿಗೆ ಇಳಿಸಿಕೊಳ್ಳುತ್ತಿದ್ದೆವು. ನಮ್ಮ ಮನೆಗಳ ಕನ್ನಡ ಎಷ್ಟೋ ತಲೆಮಾರಿನಿಂದ ತಮಿಳಿನ ನಡುವೆ ಬೆಳೆದದ್ದು. ಅದಕ್ಕೆ ನಮ್ಮವರು ಹೆಸರನ್ನೂ ಇಟ್ಟಿಲ್ಲ, ‘ನಮ್ ಮಾತು’ ಎನ್ನುತ್ತಾರೆ ಅಷ್ಟೆ. ಸಂತೆಯ ಚೌಕಾಸಿ ತಮಿಳಿನಲ್ಲಿ, ಬಸ್ಸಿನ ಜಗಳ ತಮಿಳಿನಲ್ಲಿ. ನಮ್ ಮಾತು ಅಡುಗೆಮನೆಗೆ, ಮಕ್ಕಳಿಗೆ, ಕಾಯಿಲೆ ಬಿದ್ದವರ ಪಕ್ಕ ಕೂರುವುದಕ್ಕೆ. ಅದರಲ್ಲಿ ಯಾರೂ ಯಾರಿಗೂ ಸುಳ್ಳು ಹೇಳುವುದಿಲ್ಲ ಎಂದು ನೀನು ನಂಬಿದ್ದೆ. ನಾನು ತಮಿಳಿನಲ್ಲಿ ಏನಾದರೂ ಅಂದರೆ ನೀನು ನಗುತ್ತಾ ತಡೆಯುತ್ತಿದ್ದೆ: “ನಮ್ ಮಾತಲ್ಲಿ ಯೋಳಕ್ಕಾ, ಆಗ ನಂಬ್ತೀನಿ.”

ಕೊನೆಯ ವರ್ಷ ಕಾಂಪ್ಲೆಕ್ಸ್ ಫಂಕ್ಷನ್‌ಗಳ ಪಾಠ ಬಂತು. ಅಂಥ ಫಂಕ್ಷನ್ ಯಾವಾಗ ಡಿಫರೆನ್ಷಿಯಬಲ್ ಆಗುತ್ತದೆ — ನೆನಪಿದೆಯಲ್ಲವೇ? ಸಾಧಾರಣ ಸಂಖ್ಯೆಗಳಿರುವುದು ಒಂದು ಗೆರೆಯ ಮೇಲೆ. ಒಂದು ಬಿಂದುವಿನ ಹತ್ತಿರ ಎಡದಿಂದ ಬರಬೇಕು ಇಲ್ಲವೇ ಬಲದಿಂದ ಬರಬೇಕು. ಕಾಂಪ್ಲೆಕ್ಸ್ ಸಂಖ್ಯೆಗಳಿಗೆ ಬಯಲೇ ಇದೆ. ಅಡ್ಡ ಬರಬಹುದು, ಉದ್ದ ಬರಬಹುದು, ಓರೆಯಾಗಿ ಬರಬಹುದು, ಸುತ್ತಿಕೊಂಡೂ ಬರಬಹುದು. ಯಾವ ದಾರಿಯಲ್ಲಿ ಬಂದರೂ ಬದಲಾವಣೆಯ ದರ ಒಂದೇ ಸಿಗಬೇಕು, ಆಗ ಮಾತ್ರ ಆ ಹೆಸರು. ಪುಸ್ತಕದಲ್ಲಿ ಎರಡು ಸಮೀಕರಣಗಳಿದ್ದವು. ಅವು ಅಡ್ಡ ದಾರಿಯನ್ನೂ ಉದ್ದ ದಾರಿಯನ್ನೂ ಒಂದಕ್ಕೊಂದು ಹೋಲಿಸುತ್ತವೆ, ಅಷ್ಟೇ. ಉಳಿದ ದಾರಿಗಳ ಮಾತು ಬೇರೆ.

ನಿನಗೆ ಇದೆಲ್ಲ ಬೇಗ ಹತ್ತುತ್ತಿತ್ತು. ನಾನು ಒಂದು ಪುಟವನ್ನು ಅಗಿದು ಅಗಿದು ನುಂಗುವಷ್ಟರಲ್ಲಿ ನೀನು ಕಿಟಕಿಯಲ್ಲಿ ಕೂತು ಕಾಲು ಆಡಿಸುತ್ತಾ ಮುಂದಿನದನ್ನು ಊಹಿಸಿರುತ್ತಿದ್ದೆ. ಮೇಡಂ ನಿನ್ನ ಕಡೆ ನೋಡಿ ಪಾಠ ಮಾಡುವುದನ್ನು ನಾನು ಗಮನಿಸಿದ್ದೆ. ನನಗೆ ನಿನ್ನ ಮೇಲೆ ಪ್ರೀತಿ ಇತ್ತು, ಮುತ್ತು. ಹೊಟ್ಟೆಕಿಚ್ಚೂ ಇತ್ತು. ಎರಡೂ ಒಂದೇ ಮನಸ್ಸಿನಲ್ಲಿ ಹೇಗಿದ್ದವು ಎಂದು ಈಗಲೂ —

ಮದುರೈಯಲ್ಲಿ ಎಂ.ಎಸ್ಸಿ.ಗೆ ಮೇಡಂ ನಮ್ಮಲ್ಲಿ ಒಬ್ಬಳ ಹೆಸರನ್ನು ಮಾತ್ರ ಬರೆದು ಕಳಿಸಬಹುದಿತ್ತು. ಬೋರ್ಡಿನ ಮುಂದೆ ನಿಂತು ಒಂದೊಂದು ವಿಷಯ ವಿವರಿಸಿ, ಆಮೇಲೆ ನೋಡೋಣ ಎಂದರು. ಮೇಡಂ ಹೆಸರು ಕೊಟ್ಟರೆ ಕಳಿಸುತ್ತೇನೆ, ಇಲ್ಲವಾದರೆ ಓದಿದ್ದು ಸಾಕು ಎಂದು ನಿಮ್ಮಪ್ಪ ಹೇಳಿದ್ದು ನನಗೂ ಗೊತ್ತಿತ್ತು. ನಿನ್ನ ಪಾಲಿಗೆ ಬಂದದ್ದು ಇದೇ ಕಾಂಪ್ಲೆಕ್ಸ್ ಫಂಕ್ಷನ್‌ಗಳ ವಿಷಯ.

ನೀನು ಬೋರ್ಡಿನ ಮುಂದೆ ನಿಲ್ಲುವ ಹಿಂದಿನ ದಿನ ಬೆಳಿಗ್ಗೆ ನಾನು ಲೈಬ್ರರಿಯಲ್ಲಿ ದಪ್ಪನೆಯ ಒಂದು ಪುಸ್ತಕ ತಿರುವುತ್ತಿದ್ದೆ. ಅದರಲ್ಲೊಂದು ಉದಾಹರಣೆ: ಅಡ್ಡದ ಅಳತೆಯನ್ನು ಉದ್ದದ ಅಳತೆಯಿಂದ ಗುಣಿಸಿ, ಋಣ ಚಿಹ್ನೆ ಇದ್ದರೆ ಬಿಟ್ಟು, ವರ್ಗಮೂಲ ತೆಗೆಯಬೇಕು. ಎರಡು ಅಕ್ಷಗಳ ಮೇಲೂ ಅದು ಸೊನ್ನೆ. ಅಕ್ಷಗಳು ಕೂಡುವ ನಡುಬಿಂದುವಿನಲ್ಲಿ ಎರಡು ಸಮೀಕರಣಗಳೂ ಸರಿಹೋಗುತ್ತವೆ. ಆದರೆ ಓರೆಯಾಗಿ ಬಂದರೆ ಏರು ಸಿಗುತ್ತದೆ, ದರ ಬೇರೆಯಾಗುತ್ತದೆ. ನಿಮ್ಮ ತೆಂಗಿನ ತೋಟದಲ್ಲಿ ಎರಡು ಬದುಗಳ ಮೇಲೆ ನಡೆದು ನೆಲವೆಲ್ಲ ಸಮ ಎಂದುಕೊಂಡ ಹಾಗೆ. ಒಳಗಿನ ದಿಬ್ಬ ಬದುವಿನ ಮೇಲೆ ನಡೆಯುವವರ ಕಾಲಿಗೆ ತಿಳಿಯುವುದಿಲ್ಲ. ನಾನು ಆ ಪುಸ್ತಕವನ್ನು ಮುಚ್ಚಿ ಅದರ ಜಾಗದಲ್ಲೇ ಇಟ್ಟು ಬಂದೆ.

ಮಧ್ಯಾಹ್ನ ನೀನು ತಲೆ ಬಾಚಿಕೊಳ್ಳುತ್ತಿದ್ದೆ. ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿ ಕೇಳಿದೆ: “ಅಕ್ಕಾ, ಅಡ್ಡ ಒಂದು, ಉದ್ದ ಒಂದು ನೋಡಿದ್ರೆ ಪೋದುಮಾ? ಓರೆಗೂ ನೋಡ್ಬೇಕಾ?”

ನೀನೇ ಕೇಳಿದ್ದೆ ನೋಡು. ದಿಬ್ಬದ ಹತ್ತಿರ ನೀನೇ ಬಂದಿದ್ದೆ.

“ಸಾಕು ಪುಳ್ಳೆ,” ಎಂದೆ. “ಎರಡು ಪಕ್ಕ ಸರಿಯಾದ್ರೆ ಎಲ್ಲಾ ಪಕ್ಕವೂ ಸರಿ.”

ನಮ್ ಮಾತಲ್ಲೇ ಹೇಳಿದೆ. ನೀನು ಮತ್ತೆ ಬಾಚಿಕೊಳ್ಳತೊಡಗಿದೆ.

ಮಾರನೆಯ ದಿನ ನೀನು ಚಂದವಾಗಿಯೇ ವಿವರಿಸಿದೆ. ಎರಡು ಸಮೀಕರಣ ಬರೆದು, ಇವು ಸರಿಹೋದರೆ ಆಯಿತು ಎಂದೆ. ಮೇಡಂ ಎದ್ದು ಬಂದು ನಾನು ಓದಿದ್ದ ಅದೇ ಉದಾಹರಣೆಯನ್ನು ಬೋರ್ಡಿನ ಮೇಲೆ ಬರೆದರು. ಓರೆಯಾಗಿ ಬಂದರೆ ಏನಾಗುತ್ತದೆ ಎಂದು ಕೇಳಿದರು. ನೀನು ಬೋರ್ಡನ್ನು ನೋಡಿದೆ, ಆಮೇಲೆ ನನ್ನ ಕಡೆ ತಿರುಗಿದೆ. ನಾನು ನನ್ನ ಚಪ್ಪಲಿಯ ಪಟ್ಟಿ ನೋಡುತ್ತಿದ್ದೆ. ಅಕ್ಕ ಹೇಳಿಕೊಟ್ಟಳು ಎಂದು ನೀನು ಹೇಳಬಹುದಿತ್ತು. ಬದಲಿಗೆ ‘ನಾನೇ ತಪ್ಪು ತಿಳಿದುಕೊಂಡೆ ಮೇಡಂ’ ಎಂದು ತಮಿಳಿನಲ್ಲಿ ಹೇಳಿ ಕೈಯ ಸೀಮೆಸುಣ್ಣ ಒರೆಸಿಕೊಂಡು ಬಂದು ಕೂತೆ. ಮೇಡಂ ನನ್ನ ಹೆಸರು ಬರೆದರು.

ಊರಿಗೆ ಹೋಗುವ ಬಸ್ಸಿನಲ್ಲಿ ನೀನು ಕಿಟಕಿಯ ಪಕ್ಕ ಕೂತಿದ್ದೆ. ತೇನಿ ದಾಟಿದ ಮೇಲೆ ಆಡಿ ತಿಂಗಳ ಆಷಾಢದ ಗಾಳಿ ಒಳಗೆ ನುಗ್ಗಿತು. ಶಟರ್ ಇಳಿಸದೆ ಮುಖ ಆ ಕಡೆಗೇ ಇಟ್ಟುಕೊಂಡು ಕೇಳಿದೆ: “ನಿಂಗೂ ಗೊತ್ತಿರ್ನಿಲ್ಲ, ಅಲ್ವಾಕ್ಕಾ?”

“ಇಲ್ಲ ಪುಳ್ಳೆ. ನಂಗೂ ಗೊತ್ತಿರ್ನಿಲ್ಲ.”

ನೀನು ನನ್ನ ಕೈ ಹಿಡಿದುಕೊಂಡೆ. ನನ್ನನ್ನು ಸಮಾಧಾನ ಮಾಡಿದೆ, ಮುತ್ತು! ಮೊದಲ ಸುಳ್ಳು ಹೊಟ್ಟೆಕಿಚ್ಚಿನದು. ಎರಡನೆಯದಕ್ಕೆ ಏನು ಹೆಸರು ಎಂದು ನನಗೆ ತಿಳಿಯದು. ಅದೇ ಹೆಚ್ಚು ಸುಡುತ್ತದೆ.

ಓದು ನಿಂತಿತೆಂದು ನೀನು ಅಳುತ್ತಾ ಕೂರುವವಳಲ್ಲ. ತೇವಾರಂನಲ್ಲಿ ಸಂಜೆಯಾದರೆ ನಿನ್ನ ಜಗುಲಿ ತುಂಬ ಟ್ಯೂಷನ್ ಮಕ್ಕಳು; ನನ್ನನ್ನು ಕಂಡರೆ ಪ್ರೊಫೆಸರಮ್ಮ ಎಂದು ರೇಗಿಸುತ್ತೀಯ. ನೀನು ಸುಖವಾಗಿದ್ದೀಯ ಎಂದು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆ — ಅದರಿಂದ ನನ್ನ ಲೆಕ್ಕ ಸರಿಹೋಗುವುದಿಲ್ಲ.

ಈ ವರ್ಷ ನಿನ್ನ ಮಗಳು ದರ್ಶಿನಿ ನನ್ನ ತರಗತಿಗೆ ಬಂದಳು. ಮೊನ್ನೆ ಟೆಸ್ಟಿನಲ್ಲಿ ಅವಳೂ ಅಡ್ಡ ನೋಡಿ, ಉದ್ದ ನೋಡಿ, ಡಿಫರೆನ್ಷಿಯಬಲ್ ಎಂದು ಬರೆದಿಟ್ಟಿದ್ದಳು. ಎಲ್ಲ ಮಕ್ಕಳೂ ಒಂದಲ್ಲ ಒಂದು ದಿನ ಮಾಡುವ ತಪ್ಪೇ ಅದು. ನಾನು ಓರೆ ಗೆರೆ ಎಳೆದು ತೋರಿಸಿದಾಗ ಅವಳ ಕಣ್ಣು ತುಂಬಿತು. ಊರಿಗೆ ಹೋಗಿ ಬಂದ ಸೋಮವಾರ ಒಂದು ಚೀಲ ನಮ್ಮ ಕಡೆಯ ಕಪ್ಪು ಪನ್ನೀರ್ ದ್ರಾಕ್ಷಿ ಹಿಡಿದು ನಗುತ್ತಾ ನನ್ನ ಮೇಜಿನ ಹತ್ತಿರ ಬಂದಳು. ದೊಡ್ಡಮ್ಮ ಎನ್ನುವುದು ಅವಳ ಬಾಯಲ್ಲಿ ಪೆರಿಮ್ಮ ಆಗಿದೆ.

“ಪೆರಿಮ್ಮಾ, ಅವ್ವ ನಕ್ಬುಟ್ಟು ಯೋಳ್ತು: ‘ಅಳ್ಬ್ಯಾಡ ನನ್ ಕಣ್ಣು. ಆ ಪಾಠ ನಂಗೂ ಬರ್ನಿಲ್ಲ, ನಿನ್ ಪೆರಿಮ್ಮಂಗೂ ಬರ್ನಿಲ್ಲ. ಇಬ್ರೂ ಒಂದೇ ಕುಳೀಲಿ ಬಿದ್ದೋ. ಈಗ್ ನೋಡು, ಅವಳೇ ಆ ಪಾಠ ಮಾಡ್ತಾಳೆ.’”

ನನ್ನ ಸುಳ್ಳನ್ನು ನೀನು ಇಷ್ಟು ವರ್ಷ ಜೋಪಾನ ಮಾಡಿ, ಅದರಿಂದ ಮಗಳ ಕಣ್ಣೊರೆಸಿದ್ದೀಯ. ನಾನು ದ್ರಾಕ್ಷಿ ತಗೊಂಡೆ. ಹುಡುಗಿಯನ್ನು ತರಗತಿಗೆ ಕಳಿಸಿದೆ. ನಿಜವನ್ನು ಮೊದಲು ಕೇಳಿಸಿಕೊಳ್ಳಬೇಕಾದವಳು ನೀನು, ಅವಳಲ್ಲ.

ಅದಕ್ಕೇ ಇದನ್ನು ಬರೆಯಲು ಕೂತೆ. ಬರೆಯುತ್ತಾ ಅರ್ಧದಲ್ಲಿ ನನಗೇ ನಾಚಿಕೆಯಾಯಿತು. ಈ ಅಕ್ಷರಗಳನ್ನು ನಾನು ಕಲಿತದ್ದು ಮೈಸೂರಿನಲ್ಲಿ ಸಂಶೋಧನೆ ಮಾಡುವಾಗ. ನೀನು ಹುಟ್ಟಿದಾಗಿನಿಂದ ಕನ್ನಡ ಆಡುತ್ತೀಯ, ಒಂದಕ್ಷರ ಓದಲಾರೆ. ನಮ್ಮೂರಲ್ಲಿ ಯಾರೂ ಓದಲಾರರು. ತಪ್ಪೊಪ್ಪಿಕೊಳ್ಳಲು ಕೂತು, ನೀನು ಓದಲಾಗದ ಹಾಗೆ ಬರೆದಿದ್ದೇನೆ. ಇದೂ ಒಂದು ಬಚ್ಚಿಡುವಿಕೆಯೇ.

ಭಾನುವಾರ ಬರುತ್ತೇನೆ, ಮುತ್ತು. ಬಾ ಪ್ರೊಫೆಸರಮ್ಮ ಎನ್ನುತ್ತಾ ನೀನು ಕಾಫಿಗೆಂದು ಒಳಗೆ ಹೊರಡುತ್ತೀಯ. ಕೈ ಹಿಡಿದು ಕೂರಿಸುತ್ತೇನೆ. ತಮಿಳಿನಲ್ಲಿ ಹೇಳಿದರೆ ನನಗೆ ಸುಲಭ, ಹಾಗೆ ಹೇಳುವುದಿಲ್ಲ.

“ಪುಳ್ಳೆ, ನಂಗೆ ಗೊತ್ತಿತ್ತು. ಗೊತ್ತಿದ್ದೇ ಯೋಳ್ದೆ.”

ನೀನು ನಂಬುತ್ತೀಯ. ನಮ್ ಮಾತಲ್ಲಿ ನಾನು ಹೇಳಿದ್ದನ್ನೆಲ್ಲ ನೀನು ನಂಬಿದ್ದೀಯ.