ಕೂರಲು ಒಪ್ಪದ ದೊಡ್ಡಮಾದಮ್ಮ
ತೊಂಬತ್ತು ವರ್ಷ ಬಾಳಿದ ದೊಡ್ಡಮಾದಮ್ಮ ಒಂದು ಕಡೆ ಕೂತಿದ್ದನ್ನು ಕಾಮಗೆರೆಯಲ್ಲಿ ಯಾರೂ ಕಂಡಿರಲಿಲ್ಲ. ಬಾಣಂತಿಗೆ ನೀರು ಹಾಕಿ ಸೆರಗು ಆರುವ ಮೊದಲೇ ಆಸ್ಪತ್ರೆಯಲ್ಲಿರುವವರಿಗೆ ಗಂಜಿ ಹೊತ್ತಿರುತ್ತಿದ್ದರು. ಹನೂರಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದರು. ಯಾರ ಮನೆಯ ಮದುವೆಯಾದರೂ ಒಲೆ ಅವರದೇ, ಚಪ್ಪರದೊಳಕ್ಕೆ ಮಾತ್ರ ಬರುತ್ತಿರಲಿಲ್ಲ. “ಒಸಿ ಕೂತ್ಕೊ ಅಕ್ಕ” ಅಂದರೆ, “ಸಾರು ಉಕ್ತದೆ ಕಣೆ, ನಿನ್ ಗಂಡ ಬಂದು ಕಲಕ್ತಾನ?” ಅನ್ನುತ್ತಿದ್ದರು. ನನ್ನ ಗಂಡ ತೀರಿಕೊಂಡ ವರ್ಷ ಒಂದು ಮದುವೆಯಲ್ಲಿ ನನ್ನನ್ನೂ ಒಲೆಯ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: “ಇಪ್ಪತ್ತಕ್ಕೇ ನನ್ ಗಂಡ ಸತ್ತ. ತಂಗಿ ಮದ್ವೇಲಿ ಚಾಪೆ ಮ್ಯಾಲೆ ಕೂತಿದ್ದೆ, ಇಂತೋಳು ಎದುರ್ಗಿರಬಾರ್ದು, ಏಳು ಅಂದ್ರು. ಕೂತ್ರೆ ತಾನೆ ಏಳು ಅನ್ನದು?” ಅವರು ಸಾಯುವುದಕ್ಕೆ ಒಂದು ವರ್ಷ ಮೊದಲು ಅದೇ ತಂಗಿಯ ಮೊಮ್ಮಗಳು ಭವ್ಯಶ್ರೀ ತನ್ನ ಮದುವೆಯ ದಿನ ಹಟ ಹಿಡಿದಳು: “ದೊಡ್ಡಜ್ಜಿ ನನ್ ಪಕ್ಕ ಕೂರ್ದಿದ್ರೆ ನಂಗೆ ಧಾರೆನೇ ಬ್ಯಾಡ.” ಮನೆಯವರು ಕರೆದರು, ಬೈದರು, ಅಜ್ಜಿ ಒಲೆ ಬಿಟ್ಟು ಕದಲಲಿಲ್ಲ. ಮುಹೂರ್ತ ಮೀರುತ್ತಿತ್ತು. ಬಾಸಿಂಗ ಕಟ್ಟಿದ ಹುಡುಗಿ ತಾನೇ ಎದ್ದು ಬಂದು ಮಸಿ ನೆಲದ ಮೇಲೆ ಕೂತು, ಪಕ್ಕದ ಜಾಗ ತಟ್ಟಿದಳು. ದೊಡ್ಡಮಾದಮ್ಮ ಬಾಗಿಲಲ್ಲಿ ನೆರೆದಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದರು. ಆಮೇಲೆ ಮೊಣಕಾಲು ಹಿಡಿದು ಮೆಲ್ಲಗೆ ಕೂತರು. ಏಳು ಅನ್ನಲು ಯಾರಿಗೂ ಬಾಯಿ ಬರಲಿಲ್ಲ.